ಸ್ವಿಮ್‌ಬೈಟ್: ನೀರಿನ ತಾಪ ಅರಿತು ಬೀಸುವ ಗಾಳ

ಉತ್ತರ ಅಮೆರಿಕದ ಸರೋವರ, ಜಲಾಶಯಗಳಲ್ಲಿ ಹವ್ಯಾಸಿ ಗಾಳಗಾರರು ಬೆನ್ನು ಹತ್ತುವ ಸಿಹಿನೀರಿನ ಮೀನುಗಳಲ್ಲಿ ಲಾರ್ಜ್‌ಮೌತ್ ಬ್ಯಾಸ್‌ಗೆ ಅಗ್ರಸ್ಥಾನವಿದೆ. ಬಾಯಿಯ ಅಂಚು ಕಣ್ಣನ್ನೂ ದಾಟಿ ಹಿಂದಕ್ಕೆ ಚಾಚಿರುವುದರಿಂದ ಅದಕ್ಕೆ ಈ ಹೆಸರು. ಇದನ್ನು ಹಿಡಿಯಲು ಬಳಸುವ ಕೃತಕ ಎರೆಗಳ ಪೈಕಿ, ಜೀವಂತ ಮೀನಿನ ಆಕಾರ, ಬಣ್ಣ ಹಾಗೂ ಈಜುವ ಬಗೆಯನ್ನು ಅನುಕರಿಸುವ ಎರೆಯೇ ಸ್ವಿಮ್‌ಬೈಟ್. ಮರ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ತುಂಡುಗಳನ್ನು ಕೀಲುಗಳಿಂದ ಜೋಡಿಸಿದ್ದು ಒಂದು ಬಗೆ. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ, ಎಳೆದಾಗ ಬಾಲ ಬಳುಕಿಸುವ ಬಗೆ ಇನ್ನೊಂದು.

ದೊಡ್ಡ ಗಾತ್ರದ ಸ್ವಿಮ್‌ಬೈಟ್‌ಗಳು ಹೆಸರು ಮಾಡಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಫ್ಲಾರಿಡಾದ ದೈತ್ಯ ತಳಿಯ ಬ್ಯಾಸ್ ಅನ್ನು 1959ರಲ್ಲಿ ಸ್ಯಾನ್ ಡಿಯಾಗೊಗೆ ತರಲಾಯಿತು. ಅಲ್ಲಿನ ಜಲಾಶಯಗಳಿಗೆ ಚಳಿಗಾಲದಲ್ಲಿ ಗಾಳಗಾರರಿಗೆಂದೇ ರೇನ್‌ಬೋ ಟ್ರೌಟ್ ಮೀನುಗಳನ್ನು ತಂದು ಬಿಡುವ ಪದ್ಧತಿಯಿದೆ. ಮನುಷ್ಯರಿಗೆಂದು ಬಿಟ್ಟ ಟ್ರೌಟ್ ಬ್ಯಾಸ್‌ನ ಪಾಲಿಗೆ ಔತಣವಾಯಿತು. ಇದನ್ನು ಗಮನಿಸಿದವರು ಎಂಟು, ಹತ್ತು ಅಂಗುಲ ಉದ್ದದ ಟ್ರೌಟ್ ರೂಪದ ಎರೆಗಳನ್ನು ತಯಾರಿಸತೊಡಗಿದರು. ಆಲನ್ ಕೋಲ್ ಅವರ ಮರದ ‘ಎ.ಸಿ. ಪ್ಲಗ್’ ಈ ಸಾಲಿನಲ್ಲಿ ಮೊದಲಿನವುಗಳಲ್ಲಿ ಒಂದು.

ಎರೆ ಎಷ್ಟೇ ನೈಜವಾಗಿರಲಿ, ಅದನ್ನು ಎಳೆಯುವ ವೇಗ ಮತ್ತು ಆಳ ತಪ್ಪಿದರೆ ಫಲವಿಲ್ಲ. ಬ್ಯಾಸ್ ಶೀತರಕ್ತ ಪ್ರಾಣಿ. ನೀರಿನ ತಾಪವೇ ಅದರ ಮೈಯ ತಾಪ. ಆದ್ದರಿಂದ ಋತುವನ್ನು ಪಂಚಾಂಗದಲ್ಲಿ ನೋಡುವುದಕ್ಕಿಂತ ಉಷ್ಣಮಾಪಕದಲ್ಲಿ ನೋಡುವುದು ಲೇಸು.

ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ಮೀನಿನ ಜೀರ್ಣಕ್ರಿಯೆ ಕುಂಠಿತಗೊಳ್ಳುತ್ತದೆ, ಅದು ದೂರ ಅಟ್ಟಿಸಿಕೊಂಡು ಹೋಗುವುದಿಲ್ಲ. ಮುಳುಗುವ ಮೆತ್ತನೆಯ ಎರೆಯನ್ನು ತಳ ಮುಟ್ಟಿಸಿ, ತೆವಳುವಷ್ಟು ನಿಧಾನವಾಗಿ ಎಳೆಯಬೇಕು. ಹೊಸಬರು ಸೋಲುವುದು ಬಹುತೇಕ ಇಲ್ಲಿಯೇ. ರೀಲು ಸುತ್ತುವ ಕೈಗೆ ತಾಳ್ಮೆಯಿರುವುದಿಲ್ಲ.

ವಸಂತದ ಆರಂಭದಲ್ಲಿ ನೀರು 10ರಿಂದ 15 ಡಿಗ್ರಿಗೆ ಏರುತ್ತಿದ್ದಂತೆ, ತತ್ತಿ ತುಂಬಿದ ಹೆಣ್ಣುಮೀನುಗಳು ಆಳದಿಂದ ದಡದತ್ತ ಸರಿಯುತ್ತವೆ. ಭಾರೀ ಬ್ಯಾಸ್ ಸಿಗುವ ಸಂಭವ ಹೆಚ್ಚಿರುವುದು ಈ ವಾರಗಳಲ್ಲಿ. ನೀರಿನೊಳಕ್ಕೆ ಚಾಚಿದ ನೆಲದ ಮೂತಿ, ತಳ ಥಟ್ಟನೆ ಇಳಿಯುವ ಅಂಚುಗಳು ಅವುಗಳ ದಾರಿ. ಎರೆ ಆ ಇಳಿಜಾರಿನ ಗುಂಟ, ಮಧ್ಯಮ ವೇಗದಲ್ಲಿ ಸಾಗಬೇಕು.

ತಾಪ 16ರಿಂದ 20 ಡಿಗ್ರಿಯ ಆಸುಪಾಸಿಗೆ ಬಂದಾಗ ಮೊಟ್ಟೆಯಿಡುವ ಕಾಲ. ಗಂಡು ಬಾಲದಿಂದ ತಳ ಗುಡಿಸಿ ಗೂಡು ಮಾಡಿ, ಮೊಟ್ಟೆ ಮರಿಗಳಿಗೆ ಕಾವಲು ನಿಲ್ಲುತ್ತದೆ. ಆಗ ಅದು ಎರೆಯನ್ನು ಕಚ್ಚುವುದು ಹಸಿವಿನಿಂದಲ್ಲ, ಶತ್ರುವನ್ನು ಓಡಿಸಲು. ಕಾವಲಿನ ಮೀನನ್ನು ಸ್ವಲ್ಪ ಹೊತ್ತು ಎತ್ತಿದರೂ ಸಾಕು, ಬ್ಲೂಗಿಲ್‌ನಂಥ ಮೀನುಗಳು ನುಗ್ಗಿ ಮೊಟ್ಟೆಗಳನ್ನು ಮುಗಿಸುತ್ತವೆ. ಕಾನೂನು ಅಡ್ಡಿಪಡಿಸದ ಕಡೆಯಲ್ಲೂ ಗೂಡಿನ ಮೀನಿಗೆ ಗಾಳ ಹಾಕದಿರುವುದು ಉಚಿತ.

ಬೇಸಿಗೆಯಲ್ಲಿ ಮುಂಜಾನೆ, ಮುಸ್ಸಂಜೆಗಳಲ್ಲಿ ನೀರಿನ ಮೇಲ್ಮೈ ಸೀಳುತ್ತ ಸಾಗುವ ಕೀಲಿನ ಎರೆ ಸೊಗಸಾಗಿ ಒದಗುತ್ತದೆ. ಬಿಸಿಲೇರಿದ ಮೇಲೆ ಮೀನು ಆಳಕ್ಕೆ ಇಳಿದರೂ ತೀರ ತಳಕ್ಕೆ ಹೋಗದು. ಅಲ್ಲಿ ಆಮ್ಲಜನಕ ಸಾಲದು. ಬಿಸಿನೀರಿನಲ್ಲಿ ಬಹಳ ಹೊತ್ತು ಸೆಣಸಿದ ಮೀನು ಬಿಟ್ಟ ನಂತರವೂ ಸಾಯಬಹುದಾದ್ದರಿಂದ ಗಟ್ಟಿ ದಾರ ಬಳಸಿ ಬೇಗ ಎಳೆದುಕೊಳ್ಳಬೇಕು. ಶರತ್ಕಾಲದಲ್ಲಿ ಶ್ಯಾಡ್ ಮೀನುಗಳ ಹಿಂಡು ಹಳ್ಳದ ಬಾಯಿಗಳತ್ತ ಸರಿಯುತ್ತದೆ, ಬ್ಯಾಸ್ ಹಿಂಬಾಲಿಸುತ್ತದೆ. ಆಗ ಬೇಕಾದುದು ಮೂರರಿಂದ ಐದು ಅಂಗುಲದ ಬೆಳ್ಳಿ ಬಣ್ಣದ ಎರೆ.

ಬ್ಯಾಸ್‌ನ ವಿಶ್ವದಾಖಲೆಯನ್ನು ಇಬ್ಬರು ಹಂಚಿಕೊಂಡಿದ್ದಾರೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ. ಎರಡೂ ಮೀನುಗಳ ತೂಕ ಸುಮಾರು 10.1 ಕಿಲೊ. ಕುರಿತಾ ಬಳಸಿದ್ದು ಸ್ವಿಮ್‌ಬೈಟ್ ಅಲ್ಲ, ಜೀವಂತ ಬ್ಲೂಗಿಲ್. ಬಿವಾಕ್ಕೆ ಆ ಎರಡೂ ಮೀನುಗಳು ಹೊರಗಿನವು, ಸ್ಥಳೀಯ ಮೀನುಗಳಿಗೆ ಕಂಟಕ. ಹಿಡಿದ ಬ್ಯಾಸ್ ಅನ್ನು ಮರಳಿ ನೀರಿಗೆ ಬಿಡುವುದು ಅಮೆರಿಕದಲ್ಲಿ ಸಭ್ಯತೆ. ಬಿವಾ ಸರೋವರವಿರುವ ಶಿಗಾ ಪ್ರಾಂತ್ಯದಲ್ಲಿ ಅದು 2003ರಿಂದ ನಿಷಿದ್ಧ.