ಮೇಷ್ಟರೂ ಡೆಸ್ಕಿನಲ್ಲಿ ಕೂತಾಗ: ಮಿಸೌರಿ ಪದ್ಧತಿಯ ಒಂದು ಮರುಪರಿಶೀಲನೆ

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ ಬಾಗಿಲು ತೆರೆದದ್ದು 1908ರ ಸೆಪ್ಟೆಂಬರ್ 14ರಂದು. ‘ಯೂನಿವರ್ಸಿಟಿ ಮಿಸೌರಿಯನ್’ ಪತ್ರಿಕೆಯ ಮೊದಲ ಸಂಚಿಕೆ ಹೊರಬಂದದ್ದೂ ಅದೇ ದಿನ. ಮೊದಲು ಪಾಠ, ಆಮೇಲೆ ಪತ್ರಿಕೆ ಎಂಬ ಕ್ರಮಕ್ಕೆ ಅಲ್ಲಿ ಆರಂಭದಿಂದಲೇ ಜಾಗವಿರಲಿಲ್ಲ. ಸ್ಥಾಪಕ ವಾಲ್ಟರ್ ವಿಲಿಯಮ್ಸ್ ಅವರಿಗೆ ಕಾಲೇಜು ಪದವಿಯೇ ಇರಲಿಲ್ಲ. ಅಚ್ಚುಮನೆಯಲ್ಲಿ ಹುಡುಗನಾಗಿ ಸೇರಿ, ಸಂಪಾದಕರಾಗಿ ಬೆಳೆದವರು ಅವರು. ಮುಂದೆ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು. (ನಮ್ಮಲ್ಲಿನ ಇಂದಿನ ಅರ್ಹತಾ ನಿಯಮಗಳಲ್ಲಿ ಅವರು ಅತಿಥಿ ಉಪನ್ಯಾಸಕರ ಅರ್ಜಿಯನ್ನೂ ಹಾಕುವಂತಿರಲಿಲ್ಲ.)

ಮಿಸೌರಿ ಪದ್ಧತಿಯ ‘ಮಾಡಿ ಕಲಿ’ ಎಂಬ ಮಾತನ್ನು ನಾವು ವಿದ್ಯಾರ್ಥಿಯ ಕಡೆಯಿಂದಷ್ಟೇ ನೋಡುತ್ತ ಬಂದಿದ್ದೇವೆ. ಅದರ ತಿರುಳು ಇರುವುದು ಮೇಷ್ಟರು ಏನು ಮಾಡುತ್ತಾರೆ ಎಂಬುದರಲ್ಲಿ ಎಂಬುದು ಈ ಲೇಖನದ ವಾದ. ಅಲ್ಲಿ ವರದಿಗಾರರು ವಿದ್ಯಾರ್ಥಿಗಳು, ಸುದ್ದಿ ಸಂಪಾದಕರು ಅಧ್ಯಾಪಕರು. ಪತ್ರಿಕೆ ಹೋಗುವುದು ಕ್ಯಾಂಪಸ್ಸಿನೊಳಗಲ್ಲ, ಕೊಲಂಬಿಯಾ ಎಂಬ ಇಡೀ ಊರಿಗೆ. ಅದೇ ಊರಿನಲ್ಲಿ 1901ರಿಂದ ‘ಡೈಲಿ ಟ್ರಿಬ್ಯೂನ್’ ಎಂಬ ಖಾಸಗಿ ಪತ್ರಿಕೆಯೂ ಇದೆ. ಸುದ್ದಿ ಕೈತಪ್ಪಿದರೆ ವಿದ್ಯಾರ್ಥಿ, ಮೇಷ್ಟರು ಇಬ್ಬರಿಗೂ ಒಟ್ಟಿಗೇ ಮುಖಭಂಗ.

ತರಗತಿಯಲ್ಲಿ ಹೆಸರೊಂದು ತಪ್ಪಾದರೆ ಅರ್ಧ ಅಂಕ ಹೋಯಿತು, ವ್ಯವಹಾರ ಮುಗಿಯಿತು. ಪತ್ರಿಕೆಯಲ್ಲಿ ತಪ್ಪಾದರೆ ತಿದ್ದುಪಡಿ ಅಚ್ಚಾಗಬೇಕು, ನೊಂದವರಿಗೆ ಉತ್ತರ ಹೇಳಬೇಕು. ಆ ಹೊಣೆ ವರದಿ ಬರೆದವರದಷ್ಟೇ ಅದನ್ನು ನೋಡಿ ಬಿಟ್ಟವರದೂ ಹೌದು. ‘ಮಿಸೌರಿಯನ್’ನಲ್ಲಿ ಬೆಳೆದುಬಂದ ಒಂದು ರೂಢಿಯ ಬೇರು ಇಲ್ಲೇ ಇರಬೇಕು. ಅಚ್ಚಿಗೆ ಮುನ್ನ ವರದಿಗಾರರು ಸುದ್ದಿಮೂಲಗಳಿಗೆ ಕರೆಮಾಡಿ ವಿವರ, ಉದ್ಧರಣೆಗಳನ್ನು ಓದಿಹೇಳಿ ತಾಳೆ ನೋಡುತ್ತಾರೆ. ಹಳೆಯ ಸುದ್ದಿಮನೆಗಳಿಗೆ ಇದು ಹಿಡಿಸದ ಸಂಗತಿ: ಮೂಲದವರು ಆಡಿದ ಮಾತನ್ನು ನುಂಗಿಕೊಂಡರೆ ಏನು ಗತಿ ಎಂಬ ಭಯ. ನನಗೂ ಆ ಅಳುಕು ಇದೆ. ಆದರೆ ಪ್ರತಿ ಸೆಮಿಸ್ಟರಿಗೂ ಹೊಸ ವರದಿಗಾರರು ಬರುವ ಸುದ್ದಿಮನೆಗೆ ಇದಕ್ಕಿಂತ ಒಳ್ಳೆಯ ಬಂದೋಬಸ್ತು ತೋರುವುದಿಲ್ಲ.

2012ರಲ್ಲಿ ನೈಟ್ ಫೌಂಡೇಶನ್ ಸೇರಿದಂತೆ ಕೆಲವು ದತ್ತಿಸಂಸ್ಥೆಗಳು ವಿಶ್ವವಿದ್ಯಾಲಯಗಳ ಅಧ್ಯಕ್ಷರಿಗೆ ಬಹಿರಂಗ ಪತ್ರ ಬರೆದು, ಪತ್ರಿಕೋದ್ಯಮ ಶಿಕ್ಷಣ ಬೋಧನಾ ಆಸ್ಪತ್ರೆಯಂತಿರಬೇಕು ಎಂದವು. ಹೋಲಿಕೆ ಸೊಗಸಾಗಿದೆ, ಅಪಾಯವೂ ಇದೆ. ಆಸ್ಪತ್ರೆಯಲ್ಲಿ ಪ್ರೊಫೆಸರರ ರೋಗನಿರ್ಣಯವನ್ನು ಪ್ರಶ್ನಿಸುವ ಕಿರಿಯ ವೈದ್ಯರು ಎಷ್ಟು ಮಂದಿ? ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ರಕರಣ ಈ ಪ್ರಶ್ನೆಯನ್ನು ಚುರುಕಾಗಿಸುತ್ತದೆ. ಪ್ರೊಫೆಸರ್ ಡೇವಿಡ್ ಪ್ರೊಟೆಸ್ ಅವರ ತನಿಖಾ ತರಗತಿ ಹಾಗೂ ಒಬ್ಬ ಖಾಸಗಿ ಪತ್ತೇದಾರರ ಕೆಲಸದಿಂದ ಮರಣದಂಡನೆಯ ಕೈದಿ ಆಂಥನಿ ಪೋರ್ಟರ್ 1999ರಲ್ಲಿ ಬಿಡುಗಡೆಯಾದರು. ಮರುವರ್ಷ ಇಲಿನಾಯ್ ರಾಜ್ಯಪಾಲರು ಮರಣದಂಡನೆಗಳನ್ನು ತಡೆಹಿಡಿದರು. ವಿದ್ಯಾರ್ಥಿಗಳ ಕೆಲಸ ಇಷ್ಟು ದೂರ ಮುಟ್ಟಿದ್ದು ಅಪರೂಪ. ಆದರೆ ಅದೇ ಪ್ರಕರಣದಲ್ಲಿ ಆ ಪತ್ತೇದಾರರ ಮುಂದೆ ತಪ್ಪೊಪ್ಪಿಕೊಂಡು ಜೈಲು ಸೇರಿದ್ದ ಇನ್ನೊಬ್ಬರ ಶಿಕ್ಷೆಯೂ 2014ರಲ್ಲಿ ರದ್ದಾಯಿತು. ತಪ್ಪೊಪ್ಪಿಗೆ ಪಡೆದ ರೀತಿಯನ್ನು ಸರ್ಕಾರಿ ವಕೀಲರೇ ಟೀಕಿಸಿದರು. ಪ್ರೊಟೆಸ್ ಅದಕ್ಕೂ ಮೊದಲೇ, 2011ರಲ್ಲಿ, ಬೇರೊಂದು ವಿವಾದದ ನಡುವೆ ವಿಶ್ವವಿದ್ಯಾಲಯ ಬಿಟ್ಟಿದ್ದರು. ಮೇಷ್ಟರು ಸಂಪಾದಕರಾಗಿ ಪ್ರತಿಯನ್ನು ಅನುಮಾನಿಸುವುದು ಒಂದು ಕೆಲಸ. ತಾವೇ ತನಿಖೆಯ ಮುಂದಾಳಾಗುವುದು ಇನ್ನೊಂದು. ಎರಡನೆಯದರಲ್ಲಿ ಅವರ ಪ್ರತಿಯನ್ನು ಅನುಮಾನಿಸುವವರು ಯಾರೂ ಉಳಿಯದೆ ಹೋಗಬಹುದು.

ಈ ಕಥೆಗೆ ಮೈಸೂರಿನ ನಂಟೂ ಇದೆ. 1951ರಲ್ಲಿ ಮಹಾರಾಜ ಕಾಲೇಜಿನಲ್ಲಿ ಶುರುವಾದ ಪತ್ರಿಕೋದ್ಯಮ ಬೋಧನೆಗೆ ನೆಲೆ ಕಟ್ಟಿದ ನಾಡಿಗ ಕೃಷ್ಣಮೂರ್ತಿ ಮಿಸೌರಿಯಲ್ಲಿ ಓದಿ ಬಂದವರು. ನಮ್ಮ ವಿಭಾಗಗಳಿಗೆ ಪಠ್ಯಕ್ರಮ ದಾಟಿ ಬಂತು, ಪ್ರಾಯೋಗಿಕ ಪತ್ರಿಕೆಯ ಕಲ್ಪನೆಯೂ ಬಂತು. ಊರಿನ ಓದುಗ ಮಾತ್ರ ಬರಲಿಲ್ಲ. ನಾನು ನೋಡಿದ ಬಹುಪಾಲು ಪ್ರಾಯೋಗಿಕ ಪತ್ರಿಕೆಗಳಲ್ಲಿ ‘ಪ್ರಧಾನ ಸಂಪಾದಕರು’ ಎಂದು ವಿಭಾಗದ ಮುಖ್ಯಸ್ಥರ ಹೆಸರು ಅಚ್ಚಾಗಿರುತ್ತದೆ. ತಿದ್ದುಪಡಿಯ ಅಂಕಣ ಒಂದರಲ್ಲೂ ಕಾಣಲಿಲ್ಲ.