ಪ್ಯಾಕಾರ್ಡ್ ಕಾರಿನ ಹೆಸರು ಸವೆದ ಕಥೆ

2024ರ ಡಿಸೆಂಬರಿನಲ್ಲಿ ಅಮೆರಿಕದ ಮಯಾಮಿ ನಗರದಲ್ಲಿ ಜಾಗ್ವಾರ್ ಕಂಪೆನಿ ತನ್ನ ಮುಂದಿನ ವಿದ್ಯುತ್ ಕಾರುಗಳ ದಿಕ್ಕು ತೋರಿಸುವ ಮಾದರಿಯೊಂದನ್ನು ಪ್ರದರ್ಶನಕ್ಕಿಟ್ಟಿತು. ಉದ್ದನೆಯ ಬಾನೆಟ್, ಚಪ್ಪಟೆ ಮುಖ, ಹಿಂಬದಿಯಲ್ಲಿ ಗಾಜೇ ಇಲ್ಲ. ಬಣ್ಣ ಒಂದು ಗುಲಾಬಿ, ಇನ್ನೊಂದು ನೀಲಿ. ಅದಕ್ಕೆ ಎರಡು ವಾರ ಮೊದಲು ಬಂದ ಜಾಹೀರಾತಿನಲ್ಲಂತೂ ಕಾರೇ ಇರಲಿಲ್ಲ. ನೋಡಿದವರಲ್ಲಿ ಕೆಲವರು ‘ಇದು ಧೈರ್ಯ’ ಎಂದರು, ಹಲವರು ‘ಇದು ಆತ್ಮಹತ್ಯೆ’ ಎಂದರು. ಜಾಗ್ವಾರನ್ನು ಲ್ಯಾಂಡ್ ರೋವರ್ ಸಮೇತ ಫೋರ್ಡ್ ಕಂಪೆನಿಯಿಂದ 2008ರಲ್ಲಿ 230 ಕೋಟಿ ಡಾಲರಿಗೆ ಕೊಂಡದ್ದು ನಮ್ಮ ಟಾಟಾ ಸಂಸ್ಥೆ. ಹಾಗಾಗಿ ಈ ವಾದದ ಬಿಸಿ ಭಾರತಕ್ಕೂ ತಾಗಿತು.

ಹೊರನೋಟಕ್ಕೆ ಇದು ಬಣ್ಣದ ಜಗಳ, ಚಿಹ್ನೆಯ ಜಗಳ. ಒಳಗಿನ ಪ್ರಶ್ನೆ ಬೇರೆ. ಸಾಮಾನ್ಯ ಕಾರು ಕೊಳ್ಳುವವರು ಲೀಟರಿಗೆ ಎಷ್ಟು ಕಿಲೋಮೀಟರ್, ರಿಪೇರಿಗೆ ಎಷ್ಟು ಖರ್ಚು, ಹಿಂದಿನ ಸೀಟಿನಲ್ಲಿ ಮೂವರು ಕೂರಬಹುದೆ ಎಂದು ವಿಚಾರಿಸುತ್ತಾರೆ. ನಾಲ್ಕು ಬಾಗಿಲು, ಹಿಂದೆ ಪ್ರತ್ಯೇಕ ಡಿಕ್ಕಿ ಇರುವ ದುಬಾರಿ ಸೆಡಾನ್ ಕೊಳ್ಳುವವರು ಇನ್ನೊಂದಕ್ಕೂ ದುಡ್ಡು ತೆರುತ್ತಾರೆ. ಕಾರು ಗೇಟಿನ ಮುಂದೆ ಬಂದು ನಿಂತಾಗ, ಒಳಗಿರುವವರು ಯಾರೆಂದು ತಿಳಿಯುವ ಮೊದಲೇ ಕಾವಲುಗಾರ ಗುರುತಿಸುವ ಆ ಮುಖಕ್ಕೆ, ಆ ಹೆಸರಿಗೆ. ಅಂಥ ಹೆಸರನ್ನು ಹೆಚ್ಚು ಜನರಿಗೆ ಹಂಚಿದರೆ ಕಂಪೆನಿ ಬದುಕುತ್ತದೆಯೇ, ಸಾಯುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಇಂದಿಗೂ ಒಂದು ಸತ್ತ ಕಂಪೆನಿಯ ಕಡೆಗೇ ಬೊಟ್ಟು ಮಾಡುತ್ತಾರೆ. ಅದು ಪ್ಯಾಕಾರ್ಡ್.

ನೊಗದ ಆಕಾರದ ಮುಖ

ಅಮೆರಿಕದ ಒಹಾಯೊ ರಾಜ್ಯದ ವಾರೆನ್ ಊರಿನ ಜೇಮ್ಸ್ ವಾರ್ಡ್ ಪ್ಯಾಕಾರ್ಡ್ ತಾನು ಕೊಂಡ ವಿಂಟನ್ ಕಾರಿನ ದೋಷಗಳನ್ನು ಅದರ ತಯಾರಕನಿಗೇ ಹೇಳಲು ಹೋದನಂತೆ. ‘ಅಷ್ಟು ಗೊತ್ತಿದ್ದರೆ ನೀನೇ ಒಂದು ಮಾಡು’ ಎಂದು ಬೈಸಿಕೊಂಡು ಬಂದವನು 1899ರಲ್ಲಿ ತನ್ನದೇ ಕಾರು ತಯಾರಿಸಿದ ಎಂಬ ಕಥೆಯಿದೆ. 1903ರಲ್ಲಿ ಕಂಪೆನಿ ಡೆಟ್ರಾಯಿಟ್ ನಗರಕ್ಕೆ ಹೋಯಿತು. ಅಲ್ಲಿ ಆಲ್ಬರ್ಟ್ ಕಾನ್ ಎಂಬ ವಾಸ್ತುಶಿಲ್ಪಿ ಅದಕ್ಕೆ ಕಟ್ಟಿಕೊಟ್ಟ ಕಾಂಕ್ರೀಟ್ ಕಾರ್ಖಾನೆ ಮುಂದೆ ಬಂದ ಅನೇಕ ಕಾರ್ಖಾನೆಗಳಿಗೆ ಮಾದರಿಯಾಯಿತು.

1904ರಿಂದ ಪ್ಯಾಕಾರ್ಡಿನ ರೇಡಿಯೇಟರಿಗೆ ಒಂದು ವಿಶಿಷ್ಟ ಆಕಾರ ಬಂತು. ಎರಡೂ ಮೇಲಂಚುಗಳು ಎತ್ತಿನ ನೊಗದ ಹಾಗೆ ಬಾಗಿದ್ದವು. ಎಂಜಿನಿನ ನೀರು ತಣಿಸುವ ಒಂದು ಲೋಹದ ಪೆಟ್ಟಿಗೆ ಹೀಗೆ ಕಂಪೆನಿಯ ಮುಖವೇ ಆಗಿಬಿಟ್ಟಿತು. ಪ್ಯಾಕಾರ್ಡಿನವರು ಮೂರು ದಶಕ ಕಾಲ ಆ ಮುಖವನ್ನು ಬದಲಿಸದೆ, ತಿದ್ದುತ್ತ, ತೀಡುತ್ತ ಹೋದರು. ಕಳೆದ ವರ್ಷದ ಕಾರು ಈ ವರ್ಷ ಹಳತೆನಿಸಬಾರದು ಎಂಬುದು ಅವರ ನೀತಿ. ‘ಈ ಕಾರು ಇಟ್ಟುಕೊಂಡವರನ್ನೇ ಕೇಳಿ’ ಎಂಬುದು ಅವರ ಜಾಹೀರಾತಿನ ಮಾತು. 1920ರ ದಶಕದ ಕೊನೆಗೆ ವರ್ಷಕ್ಕೆ ಐವತ್ತು ಸಾವಿರದ ಆಸುಪಾಸು ಕಾರು ಮಾರುತ್ತಿದ್ದ ಪ್ಯಾಕಾರ್ಡ್ ಅಮೆರಿಕದ ಶ್ರೀಮಂತರ ಮೊದಲ ಆಯ್ಕೆಯಾಗಿತ್ತು. ಪ್ರತಿಸ್ಪರ್ಧಿ ಕ್ಯಾಡಿಲಾಕ್ ಹಿಂದೆ ಇತ್ತು.

ಏಣಿ ಹಾಕಿದವರು

ಕ್ಯಾಡಿಲಾಕಿನ ಬೆನ್ನಿಗೆ ಇದ್ದದ್ದು ಜನರಲ್ ಮೋಟಾರ್ಸ್. 1923ರಲ್ಲಿ ಅದರ ಅಧ್ಯಕ್ಷನಾದ ಆಲ್ಫ್ರೆಡ್ ಸ್ಲೋನ್ ಕಂಪೆನಿಯ ಕಾರುಗಳನ್ನು ಏಣಿಯ ಮೆಟ್ಟಿಲುಗಳ ಹಾಗೆ ಜೋಡಿಸಿದ. ಕೆಳಗೆ ಷೆವ್ರೊಲೆ, ತುದಿಯಲ್ಲಿ ಕ್ಯಾಡಿಲಾಕ್, ನಡುವೆ ಬ್ಯೂಕ್ ಮೊದಲಾದವು. ಸಂಬಳ ಏರಿದಂತೆ ಗಿರಾಕಿ ಒಂದೊಂದೇ ಮೆಟ್ಟಿಲು ಹತ್ತಬೇಕು, ಆದರೆ ಏಣಿ ಬಿಟ್ಟು ಹೊರಹೋಗಬಾರದು. ಬ್ಯೂಕಿಗೂ ಕ್ಯಾಡಿಲಾಕಿಗೂ ನಡುವೆ ಒಂದು ಮೆಟ್ಟಿಲು ತಪ್ಪಿಹೋಗಿತ್ತು. ಅದನ್ನು ತುಂಬಲು 1927ರಲ್ಲಿ ಲಾಸಾಲ್ ಎಂಬ ಕಾರು ಬಂತು.

ಲಾಸಾಲ್ ಕಾರಿನ ರೂಪ ಬರೆದವನು ಹಾರ್ಲಿ ಅರ್ಲ್. ಹಾಲಿವುಡ್ಡಿನ ಸಿನಿಮಾ ತಾರೆಯರಿಗೆ ಬೇಕಾದ ಹಾಗೆ ಕಾರಿನ ಮೈ ಕಟ್ಟಿಕೊಡುತ್ತಿದ್ದವನು. ಅಲ್ಲಿಯವರೆಗೆ ದೊಡ್ಡ ಕಾರ್ಖಾನೆಗಳಲ್ಲಿ ಎಂಜಿನಿಯರುಗಳು ಯಂತ್ರ ಮಾಡುತ್ತಿದ್ದರು, ಮೈಯನ್ನು ಅದಕ್ಕೆ ಹೊಂದಿಸಲಾಗುತ್ತಿತ್ತು. ಲಾಸಾಲ್ ಗೆದ್ದ ಮೇಲೆ ಸ್ಲೋನ್ ಅದೇ ವರ್ಷ ಅರ್ಲ್‌ನ ಕೈಕೆಳಗೆ ಕಲೆ ಮತ್ತು ಬಣ್ಣಗಳಿಗೆಂದೇ ಒಂದು ವಿಭಾಗ ತೆರೆದ. ಕಾರಿನ ಅಂದ ಒಂದು ಇಲಾಖೆಯ ಕೆಲಸವಾಯಿತು. ಪ್ರತಿವರ್ಷ ರೂಪ ಬದಲಿಸಿ, ಕಳೆದ ವರ್ಷದ ಕಾರನ್ನು ಹಳತು ಮಾಡುವುದು ಅದರ ನೀತಿ. ಪ್ಯಾಕಾರ್ಡಿನದಕ್ಕೆ ನೇರ ವಿರುದ್ಧ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಅಗ್ಗದ ಕಾರು ಮಾಡಿದಾಗ ಸ್ಲೋನ್ ಅದಕ್ಕೆ ‘ಸಣ್ಣ ಕ್ಯಾಡಿಲಾಕ್’ ಎಂದು ಹೆಸರಿಡಲಿಲ್ಲ. ಬೇರೆಯೇ ಹೆಸರು, ಬೇರೆಯೇ ಮುಖ ಕೊಟ್ಟ.

980 ಡಾಲರಿನ ಪ್ಯಾಕಾರ್ಡ್

1929ರ ಷೇರುಪೇಟೆಯ ಕುಸಿತದ ನಂತರ ದುಬಾರಿ ಕಾರು ಕೊಳ್ಳುವವರೇ ಇಲ್ಲವಾದರು. ಮಾರ್ಮನ್, ಡ್ಯೂಸೆನ್‌ಬರ್ಗ್, ಪಿಯರ್ಸ್ ಆರೋ ಮುಂತಾದ ಘನತೆಯ ಹೆಸರುಗಳೆಲ್ಲ 1930ರ ದಶಕ ಮುಗಿಯುವುದರೊಳಗೆ ಅಳಿಸಿಹೋದವು. ಬೆನ್ನಿಗೆ ಜನರಲ್ ಮೋಟಾರ್ಸ್ ಇಲ್ಲದ ಪ್ಯಾಕಾರ್ಡಿಗೂ ಅದೇ ಗತಿ ಕಾದಿತ್ತು.

1935ರ ಆರಂಭದಲ್ಲಿ ಕಂಪೆನಿ ‘ಪ್ಯಾಕಾರ್ಡ್ 120’ ಎಂಬ ಕಾರನ್ನು ಹೊರತಂದಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 120 ಅಂಗುಲವಾದ್ದರಿಂದ ಆ ಹೆಸರು. ಬೆಲೆ 980 ಡಾಲರಿನಿಂದ ಆರಂಭ; ದೊಡ್ಡ ಪ್ಯಾಕಾರ್ಡುಗಳ ಬೆಲೆಯ ಅರ್ಧಕ್ಕಿಂತ ಕಡಮೆ. ಮುಖ ಮಾತ್ರ ಅದೇ, ನೊಗದ ಆಕಾರದ ಮುಖ. ಹಿಂದಿನ ವರ್ಷ ಎಲ್ಲ ಸೇರಿ ಹತ್ತು ಸಾವಿರ ಕಾರನ್ನೂ ಮಾರಲಾಗದಿದ್ದ ಕಂಪೆನಿ ಆ ವರ್ಷ 120 ಮಾದರಿಯೊಂದನ್ನೇ ಸುಮಾರು 25 ಸಾವಿರ ಮಾರಿತು. 1937ರಲ್ಲಿ ಇನ್ನೂ ಅಗ್ಗದ ಆರು ಸಿಲಿಂಡರಿನ ಕಾರು ಬಂತು. ಒಟ್ಟು ತಯಾರಿಕೆ ಒಂದು ಲಕ್ಷ ದಾಟಿತು. ಕಾರ್ಖಾನೆಯಲ್ಲಿ ಮತ್ತೆ ಕೆಲಸಗಾರರು ತುಂಬಿದರು.

ಕಂಪೆನಿ ಉಳಿಯಿತು. ಆದರೆ ಬ್ಯಾಂಕಿನ ಅಧ್ಯಕ್ಷನ ಕಾರಿಗೂ ಅದೇ ಬ್ಯಾಂಕಿನ ಗುಮಾಸ್ತೆಯ ಕಾರಿಗೂ ದೂರದಿಂದ ವ್ಯತ್ಯಾಸ ಕಾಣದಂತಾಯಿತು. ಹನ್ನೆರಡು ಸಿಲಿಂಡರಿನ ದೊಡ್ಡ ಪ್ಯಾಕಾರ್ಡ್ 1939ಕ್ಕೆ ನಿಂತುಹೋಯಿತು. ಅದಾದ ಮರುವರ್ಷ ಜನರಲ್ ಮೋಟಾರ್ಸ್ ತನ್ನ ಲಾಸಾಲನ್ನು ಕೈಬಿಟ್ಟಿತು. ಸಾಯಬೇಕಾದಾಗ ಅಗ್ಗದ ಹೆಸರು ಸತ್ತಿತು, ಕ್ಯಾಡಿಲಾಕ್ ಹೆಸರಿಗೆ ಗೀರೂ ಬೀಳಲಿಲ್ಲ.

ರೆಕ್ಕೆ ಮತ್ತು ಆನೆ

ಎರಡನೆಯ ಮಹಾಯುದ್ಧದಲ್ಲಿ ಪ್ಯಾಕಾರ್ಡ್ ಕಾರ್ಖಾನೆ ರೋಲ್ಸ್ ರಾಯ್ಸ್ ವಿನ್ಯಾಸದ ಮರ್ಲಿನ್ ವಿಮಾನ ಎಂಜಿನುಗಳನ್ನು 55 ಸಾವಿರಕ್ಕೂ ಹೆಚ್ಚು ತಯಾರಿಸಿತು. ಕೈಯಲ್ಲಿ ಹಣವೂ ಕೌಶಲವೂ ಇದ್ದವು. ಯುದ್ಧ ಮುಗಿದ ಮೇಲೆ ಜನ ಯಾವ ಕಾರು ಸಿಕ್ಕರೂ ಕೊಳ್ಳುವ ಹಸಿವಿನಲ್ಲಿದ್ದರು. ಶಿಖರಕ್ಕೆ ಮರಳಲು ಅದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವಂತಿರಲಿಲ್ಲ. ಆದರೂ ಕಂಪೆನಿ ನಡುವಿನ ಬೆಲೆಯ ಕಾರುಗಳಲ್ಲೇ ಉಳಿಯಿತು.

1948ರಲ್ಲಿ ಕ್ಯಾಡಿಲಾಕ್ ಹೊಸ ರೂಪ ತಳೆದು ಬಂತು. ಪಿ-38 ಯುದ್ಧವಿಮಾನವನ್ನು ನೋಡಿ ಬೆರಗಾಗಿದ್ದ ಹಾರ್ಲಿ ಅರ್ಲ್ ಅದರ ಬಾಲವನ್ನು ನೆನಪಿಸುವ ಎರಡು ಪುಟ್ಟ ರೆಕ್ಕೆಗಳನ್ನು ಕಾರಿನ ಹಿಂಬದಿಗೆ ಹಚ್ಚಿಸಿದ್ದ. ಅದೇ ವರ್ಷದ ಪ್ಯಾಕಾರ್ಡ್, ಯುದ್ಧಪೂರ್ವದ ಮೈಯನ್ನೇ ಉಬ್ಬಿಸಿ ದುಂಡು ಮಾಡಿದ ಕಾರು. ಜನ ಅದಕ್ಕೆ ‘ಬಸುರಿ ಆನೆ’ ಎಂದು ಹೆಸರಿಟ್ಟರು. ಯಂತ್ರದಲ್ಲೂ ಹಿಂದೆ ಬಿದ್ದಾಯಿತು. ಕ್ಯಾಡಿಲಾಕಿಗೆ 1949ರಲ್ಲೇ ಬಂದ ಹೊಸ ಬಗೆಯ ವಿ-8 ಎಂಜಿನ್ ಪ್ಯಾಕಾರ್ಡಿಗೆ ಬಂದದ್ದು 1955ರಲ್ಲಿ.

1952ರಲ್ಲಿ ಅಧ್ಯಕ್ಷನಾಗಿ ಬಂದ ಜೇಮ್ಸ್ ನ್ಯಾನ್ಸ್ ರೋಗವನ್ನು ಸರಿಯಾಗಿಯೇ ಗುರುತಿಸಿದ. ಅಗ್ಗದ ಕಾರುಗಳಿಗೆ ಕ್ಲಿಪ್ಪರ್ ಎಂಬ ಪ್ರತ್ಯೇಕ ಹೆಸರಿಟ್ಟು, ಪ್ಯಾಕಾರ್ಡ್ ಹೆಸರನ್ನು ಮೇಲಿನವಕ್ಕೆ ಮಾತ್ರ ಮೀಸಲಿಡಲು ಹೊರಟ. 1956ಕ್ಕೆ ಕ್ಲಿಪ್ಪರ್ ಬೇರೆಯೇ ಬ್ರಾಂಡ್ ಆಯಿತು. ಸ್ಲೋನ್ 1927ರಲ್ಲಿ ಮಾಡಿದ್ದನ್ನು ಪ್ಯಾಕಾರ್ಡ್ ಇಪ್ಪತ್ತೊಂಬತ್ತು ವರ್ಷ ತಡವಾಗಿ ಮಾಡಿತು. ಅಷ್ಟರಲ್ಲಿ ಅದಕ್ಕೆ ಕಾರಿನ ಮೈ ಕಟ್ಟಿಕೊಡುತ್ತಿದ್ದ ಬ್ರಿಗ್ಸ್ ಕಂಪೆನಿಯನ್ನು ಕ್ರೈಸ್ಲರ್ 1953ರಲ್ಲಿ ಕೊಂಡುಬಿಟ್ಟಿತ್ತು. 1954ರಲ್ಲಿ ಸ್ಟೂಡಿಬೇಕರ್ ಜತೆಗಿನ ವಿಲೀನ ಇಬ್ಬರ ಸಾಲವನ್ನೂ ಒಂದುಗೂಡಿಸಿತ್ತು. 1956ರ ಜೂನಿನಲ್ಲಿ ಡೆಟ್ರಾಯಿಟ್‌ನಲ್ಲಿ ಕೊನೆಯ ಪ್ಯಾಕಾರ್ಡ್ ತಯಾರಾಯಿತು. ಆಮೇಲೆ ಎರಡು ವರ್ಷ ಸ್ಟೂಡಿಬೇಕರ್ ಕಾರುಗಳಿಗೇ ಪ್ಯಾಕಾರ್ಡ್ ಹೆಸರು ಅಂಟಿಸಿ ಮಾರಿದರು. 1958ರಲ್ಲಿ ಅದೂ ನಿಂತಿತು.

ಕೊಂದವರು ಯಾರು?

980 ಡಾಲರಿನ ಕಾರೇ ಪ್ಯಾಕಾರ್ಡನ್ನು ಕೊಂದಿತು ಎಂದು ಹಲವರು ಬರೆದಿದ್ದಾರೆ. ಈ ತೀರ್ಪು ಪೂರ್ತಿ ನ್ಯಾಯವಲ್ಲ. ಆ ಕಾರು ಇಲ್ಲದಿದ್ದರೆ ಕಂಪೆನಿ 1930ರ ದಶಕದಲ್ಲೇ ಮಣ್ಣು ಸೇರುತ್ತಿತ್ತು. ಹಸಿದವನು ಬಿತ್ತನೆಯ ಕಾಳನ್ನು ತಿಂದರೆ ತಪ್ಪೆನ್ನಲಾಗದು. ಆದರೆ ಮಳೆ ಬಂದಾಗ ಮೊದಲು ಬಿತ್ತನೆಗೆ ಕಾಳು ಕೂಡಿಡಬೇಕು. ಮೂರು ದಶಕ ಕೂಡಿಟ್ಟ ಹೆಸರನ್ನು ಖರ್ಚು ಮಾಡಿ ಬದುಕಿದ ಪ್ಯಾಕಾರ್ಡ್, ಯುದ್ಧದ ನಂತರ ಕೈ ತುಂಬಿದಾಗ ಆ ಹೆಸರಿಗೆ ಏನನ್ನೂ ಮರಳಿ ಹಾಕಲಿಲ್ಲ. ತಪ್ಪು ಆದದ್ದು ಅಲ್ಲಿ.

ಗೆದ್ದವರೂ ಈ ಪಾಠ ಮರೆತದ್ದುಂಟು. 1982ರ ಮಾದರಿಯಾಗಿ ಕ್ಯಾಡಿಲಾಕ್ ಹೊರತಂದ ಸಿಮರಾನ್ ಎಂಬ ಸಣ್ಣ ಸೆಡಾನ್, ಚರ್ಮದ ಸೀಟು ಹೊದ್ದ ಷೆವ್ರೊಲೆ ಕ್ಯಾವಲಿಯರ್ ಆಗಿತ್ತು. ಸ್ಲೋನ್ ಬೇರೆ ಬೇರೆ ಇಟ್ಟಿದ್ದ ಏಣಿಯ ತುದಿಯನ್ನೂ ಬುಡವನ್ನೂ ಅವನದೇ ಕಂಪೆನಿ ಒಂದು ಮಾಡಿತ್ತು. 1988ರಲ್ಲಿ ಅದನ್ನು ನಿಲ್ಲಿಸಿದರು.

ಮರುವರ್ಷ, 1989ರಲ್ಲಿ, ಅದೇ ಅಮೆರಿಕಕ್ಕೆ ಟೊಯೋಟಾ ತನ್ನ ದೊಡ್ಡ ಸೆಡಾನ್ ಎಲ್‌ಎಸ್ 400 ತಂದಿತು. ಅದರ ಮೇಲೆ ಟೊಯೋಟಾ ಎಂಬ ಹೆಸರಿರಲಿಲ್ಲ. ಲೆಕ್ಸಸ್ ಎಂಬ ಹೊಸ ಹೆಸರು, ಅದಕ್ಕೆಂದೇ ಬೇರೆ ಮಳಿಗೆಗಳು. ಜಪಾನಿನಲ್ಲಿ ಅದೇ ಕಾರು ಟೊಯೋಟಾ ಸೆಲ್ಸಿಯರ್ ಎಂದು ಮಾರಾಟವಾಯಿತು. ಅದರ ರೂಪ ಜರ್ಮನ್ ಕಾರಿನ ನೆರಳು ಎಂದು ವಿಮರ್ಶಕರು ಮೂಗು ಮುರಿದರು. ಡಿಸೆಂಬರಿನಲ್ಲಿ ಸಣ್ಣ ದೋಷಗಳು ಕಂಡಾಗ ಕಂಪೆನಿ ಆಗಲೇ ಮಾರಿದ್ದ ಸುಮಾರು 8 ಸಾವಿರ ಕಾರುಗಳನ್ನೂ ತಾನಾಗಿ ಹಿಂದಕ್ಕೆ ಕರೆಸಿ, ಬೇಕಾದವರ ಮನೆಯಿಂದಲೇ ಒಯ್ದು, ಸರಿಪಡಿಸಿ, ತೊಳೆದು ತಂದುಕೊಟ್ಟಿತು. ಹೆಸರು ನಿಂತದ್ದು ಈ ನಡತೆಯಿಂದ. ಆ ಹೆಸರಿನ ಇಎಸ್ 300ಎಚ್ ಸೆಡಾನ್ 2020ರಿಂದ ನಮ್ಮ ಬಿಡದಿಯಲ್ಲೇ ಜೋಡಣೆಯಾಗತೊಡಗಿತು.

ಇದಕ್ಕೆ ವಿರುದ್ಧ ದೃಷ್ಟಾಂತ 2002ರ ಫೋಕ್ಸ್‌ವ್ಯಾಗನ್ ಫೈಟನ್. ಡ್ರೆಸ್ಡೆನ್ ನಗರದಲ್ಲಿ ಅದಕ್ಕಾಗಿ ಗಾಜಿನ ಕಾರ್ಖಾನೆಯನ್ನೇ ಕಟ್ಟಿದರು. ಯಂತ್ರದಲ್ಲಿ ಯಾರಿಗೂ ಕಡಮೆಯಲ್ಲದ ಕಾರು. ಆದರೆ ಮುಖದ ಮೇಲೆ ಇದ್ದದ್ದು ‘ಜನರ ಕಾರು’ ಎಂಬರ್ಥದ ಹೆಸರು. 2016ರವರೆಗೆ ಮಾರಿದ್ದು ಎಲ್ಲ ಸೇರಿ ಸುಮಾರು 84 ಸಾವಿರ. ಅದರೊಂದಿಗೆ ಯಂತ್ರಭಾಗಗಳನ್ನು ಹಂಚಿಕೊಂಡ ಬೆಂಟ್ಲಿ ಕಾಂಟಿನೆಂಟಲ್ ಮಾತ್ರ ಗೆದ್ದಿತು.

ಹಾಗಾದರೆ ರೂಪ ಬದಲಿಸಿದಾಗ ಏಳುವ ಗದ್ದಲಕ್ಕೆ ಬೆಲೆಯೇ ಇಲ್ಲವೆ? 2001ರ ಬಿಎಂಡಬ್ಲ್ಯು 7 ಸರಣಿಯ ಕಾರಿನ ಡಿಕ್ಕಿ ನೋಡಿ ಸಿಟ್ಟಿಗೆದ್ದವರು, ವಿನ್ಯಾಸ ವಿಭಾಗದ ಮುಖ್ಯಸ್ಥ ಕ್ರಿಸ್ ಬ್ಯಾಂಗಲ್‌ನನ್ನು ಕೆಲಸದಿಂದ ತೆಗೆಯಬೇಕೆಂದು ಸಹಿ ಸಂಗ್ರಹಿಸಿದ್ದರು. ಕಾರು ಅದಕ್ಕಿಂತ ಹಿಂದಿನ ಮಾದರಿಯನ್ನು ಮೀರಿಸಿ ಮಾರಾಟವಾಯಿತು. ಜನರ ಕಣ್ಣು ಹೊಸ ಮುಖಕ್ಕೆ ಒಗ್ಗಿಕೊಳ್ಳುತ್ತದೆ, ಒಳಗಿನ ಯಂತ್ರದ ಮೇಲೆ ನಂಬಿಕೆ ಉಳಿದಿದ್ದರೆ.

ಇನ್ನು ಜಾಗ್ವಾರ್. ಅದರ ಸ್ಥಾಪಕ ವಿಲಿಯಂ ಲಯನ್ಸ್ 1920ರ ದಶಕದಲ್ಲಿ ಅಗ್ಗದ ಆಸ್ಟಿನ್ ಸೆವೆನ್ ಕಾರಿಗೆ ಸೊಗಸಾದ ಮೈ ಕಟ್ಟಿ ಮಾರಿದವನು. 1931ರಲ್ಲಿ 310 ಪೌಂಡಿಗೆ ಆತ ಕೊಟ್ಟ ಎಸ್‌ಎಸ್ 1 ಅದಕ್ಕಿಂತ ಎಷ್ಟೋ ದುಬಾರಿ ಕಾರಿನಂತೆ ಕಾಣುತ್ತಿತ್ತು. ಕೊಟ್ಟ ಬೆಲೆಗಿಂತ ಹೆಚ್ಚಿನ ಅಂದ, ಇದು ಜಾಗ್ವಾರ್ ಹೆಸರಿನ ಮೂಲ ಬಂಡವಾಳ. ಫೋರ್ಡ್ ಒಡೆತನದಲ್ಲಿ 2001ರಲ್ಲಿ ಬಂದ ಎಕ್ಸ್-ಟೈಪ್, ಫೋರ್ಡ್ ಮಾಂಡಿಯೊ ಅಡಿಪಾಯದ ಮೇಲೆ ನಿಂತ ಕಾರು, ಪ್ಯಾಕಾರ್ಡಿನ ಹಾದಿಯನ್ನೇ ಹಿಡಿದು 2009ರಲ್ಲಿ ನಿಂತಿತು. 2024ರಲ್ಲಿ ಕಂಪೆನಿ ಪ್ರಕಟಿಸಿದ ದಾರಿ ಅದಕ್ಕೆ ತದ್ವಿರುದ್ಧ: ಕಡಮೆ ಸಂಖ್ಯೆ, ಲಕ್ಷ ಪೌಂಡಿಗೂ ಮೀರಿದ ಬೆಲೆ. ಪ್ಯಾಕಾರ್ಡ್ 1946ರಲ್ಲಿ ಏರದೆ ಬಿಟ್ಟ ಮೆಟ್ಟಿಲನ್ನು ಜಾಗ್ವಾರ್ ಏರಲು ಹೊರಟಿದೆ ಎನ್ನಬಹುದು. ಅಪಾಯ ಬಣ್ಣದಲ್ಲಿಲ್ಲ. ಕೇಳುವ ಬೆಲೆಗಿಂತ ಹೆಚ್ಚಿನದನ್ನು ಕೊಡುವ ಲಯನ್ಸ್‌ನ ಹಳೆಯ ಮಾತು ಲಕ್ಷ ಪೌಂಡಿನ ಕಾರಿನಲ್ಲೂ ಉಳಿಯುತ್ತದೆಯೇ ಎಂಬುದನ್ನು ನೋಡಬೇಕು.

ಡೆಟ್ರಾಯಿಟ್‌ನಲ್ಲಿ ಆಲ್ಬರ್ಟ್ ಕಾನ್ ಕಟ್ಟಿದ ಪ್ಯಾಕಾರ್ಡ್ ಕಾರ್ಖಾನೆ ದಶಕಗಳ ಕಾಲ ಕಿಟಕಿಗಳಿಲ್ಲದ ಪಾಳುಬಿದ್ದ ಗೋಡೆಗಳಾಗಿ ನಿಂತಿತ್ತು. 2024ರ ಹೊತ್ತಿಗೆ ಅದರ ಬಹುಭಾಗವನ್ನು ನೆಲಸಮ ಮಾಡಲಾಯಿತು. ನೊಗದ ಮುಖದ ಹಳೆಯ ಕಾರುಗಳು ಮಾತ್ರ ಸಂಗ್ರಹಕಾರರ ಮನೆಗಳಲ್ಲಿ ಇಂದಿಗೂ ಹೊಳೆಯುತ್ತಿವೆ. ಅವರು ಹುಡುಕಿ, ಹೆಚ್ಚು ಬೆಲೆ ತೆತ್ತು ಕೊಳ್ಳುವುದು ಹನ್ನೆರಡು ಸಿಲಿಂಡರಿನ ದೊಡ್ಡ ಪ್ಯಾಕಾರ್ಡುಗಳನ್ನು. ಕಂಪೆನಿಯ ಪ್ರಾಣ ಉಳಿಸಿದ 120 ಅವುಗಳಿಗಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತದೆ.