ಕಾಯಿಲೆ ಹುಟ್ಟಿದ ತಾರೀಖು

ಹೋದ ತಿಂಗಳು ನಮ್ಮ ಬಡಾವಣೆಯ ನಿವೃತ್ತರ ಸಭೆಗೆ ಆರೋಗ್ಯ ವಿಮೆಯ ಬಗ್ಗೆ ಮಾತಾಡಲು ಕರೆದಿದ್ದರು. ನಾನು ಶುರು ಮಾಡುವ ಮೊದಲೇ ಹಿರಿಯರೊಬ್ಬರು ಎದ್ದು ನಿಂತು, "ಈಗೇನೂ ತೊಂದರೆ ಇಲ್ಲ ಸಾರ್. ಕಾನೂನು ಬದಲಾಗಿದೆ. ಮೂರು ವರ್ಷ ಆದ್ರೆ ಹಳೇ ಕಾಯಿಲೆಗೂ ಕೊಡ್ಲೇಬೇಕು, ಐದು ವರ್ಷ ಆದ್ರೆ ಕಂಪನಿಯವರು ಉಸಿರೆತ್ತೋ ಹಾಗಿಲ್ಲ" ಎಂದರು. ಸುತ್ತ ಕೂತಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು.

ಈ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ಅರ್ಧ ನಿಜ. ಆ ಅರ್ಧವನ್ನು ನಂಬಿ ಆಸ್ಪತ್ರೆಗೆ ಸೇರಿ, ಆಮೇಲೆ ತಿರಸ್ಕಾರದ ಪತ್ರ ಹಿಡಿದು ಬಂದವರ ಕಾಗದಗಳು ನನ್ನ ಮೇಜಿನ ಮೇಲಿವೆ. ಸರ್ಕಾರಿ ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ನಿವೃತ್ತನಾದ ಮೇಲೆ ಇಂಥವರ ಅರ್ಜಿ ಬರೆದುಕೊಡುತ್ತಿರುವ ನನಗೆ ಒಂದು ವಿಷಯ ಸ್ಪಷ್ಟ. ಮೊದಲೇ ಇದ್ದ ಕಾಯಿಲೆ ಎಂಬ ಷರತ್ತು ನಮ್ಮಲ್ಲಿ ಹೇಗೆ ಬೆಳೆದು ಬಂತು ಎಂಬುದು ತಿಳಿಯದೆ ಇವತ್ತಿನ ನಿಯಮ ಅರ್ಥವಾಗುವುದಿಲ್ಲ.

ಮೊದಲ ಘಟ್ಟವನ್ನು ಬೇಗ ಹೇಳಿ ಮುಗಿಸಬಹುದು. ಕಾರ್ಮಿಕರ ರಾಜ್ಯ ವಿಮೆ, ಅಂದರೆ ನಮ್ಮ ಜನ ಇಎಸ್‌ಐ ಎನ್ನುವುದು, 1948ರ ಕಾಯ್ದೆಯಡಿ 1952ರಲ್ಲಿ ಕಾನಪುರ ಮತ್ತು ದೆಹಲಿಯಲ್ಲಿ ಜಾರಿಗೆ ಬಂತು. ಕೇಂದ್ರ ನೌಕರರ ಆರೋಗ್ಯ ಯೋಜನೆ 1954ರಲ್ಲಿ ಬಂತು. ಇವೆರಡರಲ್ಲೂ ಕೆಲಸಕ್ಕೆ ಸೇರಿದವರೆಲ್ಲ ಒಟ್ಟಿಗೇ ಒಳಗೆ ಬರುತ್ತಿದ್ದರು. ನಿನಗೆ ಮೊದಲು ಏನಿತ್ತು ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ಸಂಬಳದ ಪಟ್ಟಿಯಿಂದ ಹೊರಗಿದ್ದ ವ್ಯಾಪಾರಿ, ವಕೀಲ, ರೈತ, ಮನೆವಾರ್ತೆಯ ಹೆಂಗಸು ಇವರಿಗೆ ಏನೂ ಇರಲಿಲ್ಲ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕಾದವು. ಆ ನಾಲ್ಕೂ ಕಂಪನಿಗಳಲ್ಲಿ 1986ರಲ್ಲಿ ಮೆಡಿಕ್ಲೇಮ್ ಬಂತು. ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ. ಮುಂದಿನ ಕಾಲು ಶತಮಾನ ಇವೆರಡೂ ಒಂದರ ಎದುರು ಒಂದು ನಿಂತವು.

ಮೆಡಿಕ್ಲೇಮ್ ಪಾಲಿಸಿಯ ನಾಲ್ಕನೇ ಭಾಗದಲ್ಲಿ ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಪಟ್ಟಿ ಇತ್ತು. 4.1 ಮೊದಲೇ ಇದ್ದ ಕಾಯಿಲೆ. 4.2 ಮೊದಲ 30 ದಿನದಲ್ಲಿ ಬಂದ ಕಾಯಿಲೆ. 4.3 ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿಯಂಥವು. ಇವಕ್ಕೆ ಮೊದಲ ವರ್ಷ ಇಲ್ಲ. ನಮ್ಮ ಆಫೀಸಿನಲ್ಲಿ ಕಾಯಿಲೆಯ ಹೆಸರು ಹೇಳುವವರೇ ಕಡಿಮೆ. "ಇದು ಫೋರ್ ಪಾಯಿಂಟ್ ಒನ್ ಕೇಸು" ಎಂದರೆ ಸಾಕು, ಫೈಲು ಯಾವ ಕಡೆಗೆ ಹೋಗುತ್ತದೆಂದು ಜವಾನನಿಗೂ ಗೊತ್ತಾಗುತ್ತಿತ್ತು.

ಈ ಷರತ್ತಿನ ಹಿಂದೆ ನ್ಯಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಬರುವವರನ್ನೆಲ್ಲ ಸೇರಿಸಿಕೊಂಡರೆ, ಮೊದಲಿನಿಂದ ಕಂತು ಕಟ್ಟಿಕೊಂಡು ಬಂದವನ ಹಣ ಖಾಲಿಯಾಗುತ್ತದೆ, ಕಂತು ಏರುತ್ತದೆ, ಆರೋಗ್ಯವಂತರು ಬಿಟ್ಟುಹೋಗುತ್ತಾರೆ, ಕೊನೆಗೆ ನಿಧಿಯೇ ಮುಳುಗುತ್ತದೆ. ತೊಂದರೆ ಇದ್ದದ್ದು ಆ ಷರತ್ತಿಗೆ ಗಡಿ ಇಲ್ಲದ್ದರಲ್ಲಿ. ಹಳೆಯ 4.1ಕ್ಕೆ ಕಾಲಮಿತಿಯೇ ಇರಲಿಲ್ಲ. ಮೊದಲೇ ಇದ್ದದ್ದು ಎಂದರೆ ಎಂದೆಂದಿಗೂ ಹೊರಗೆ. ಆಮೇಲಿನ ಪಾಲಿಸಿಗಳಲ್ಲಿ ಅದರಿಂದ ಹುಟ್ಟುವ ತೊಡಕುಗಳೂ ಸೇರಿದವು. ಲಕ್ಷಣ ಇತ್ತೆಂಬುದು ವಿಮೆ ಮಾಡಿಸಿದವನಿಗೆ ತಿಳಿದಿದ್ದರೂ ಸರಿ, ತಿಳಿಯದಿದ್ದರೂ ಸರಿ ಎಂಬ ಅರ್ಥದ ಮಾತೂ ಸೇರಿತು. ಶುಗರ್ ಇದ್ದವನ ಹೃದಯ, ಮೂತ್ರಪಿಂಡ, ಕಣ್ಣು, ಕಾಲಿನ ಹುಣ್ಣು ಎಲ್ಲವೂ ಶುಗರಿನ ತೊಡಕೇ ಎಂದು ಬರೆದುಬಿಟ್ಟರೆ, ಆ ಮನುಷ್ಯನಿಗೆ ಉಳಿಯುತ್ತಿದ್ದುದು ಮೂಳೆ ಮುರಿತಕ್ಕೆ ಮಾತ್ರ ವಿಮೆ.

ಇಷ್ಟಕ್ಕೂ ಕಾಯಿಲೆ ಯಾವಾಗ ಹುಟ್ಟಿತು ಎಂದು ಯಾರು ನಿರ್ಧರಿಸುತ್ತಿದ್ದರು? ಈ ಪ್ರಶ್ನೆಯನ್ನು ನಮ್ಮ ವಿಮಾ ಪಂಡಿತರು ಯಾವತ್ತೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ನಾನು ನೋಡಿದ ಒಂದು ಕೇಸ್ ಶೀಟು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎದೆನೋವೆಂದು ರಾತ್ರಿ ಒಂದು ಗಂಟೆಗೆ ಒಬ್ಬರನ್ನು ಆಸ್ಪತ್ರೆಗೆ ತಂದಿದ್ದಾರೆ. ರೋಗಿಗೆ ಮಾತಿಲ್ಲ. ಡ್ಯೂಟಿ ಡಾಕ್ಟರು ಜೊತೆಗೆ ಬಂದ ಅಳಿಯನನ್ನು ಕೇಳಿದ್ದಾರೆ: ಬಿಪಿ ಇದೆಯಾ, ಎಷ್ಟು ವರ್ಷದಿಂದ? ಗಾಬರಿಯಲ್ಲಿದ್ದ ಅಳಿಯ "ಏಳೆಂಟು ವರ್ಷ ಆಗಿರ್ಬೇಕು" ಎಂದಿದ್ದಾನೆ. ಅವನು ಆ ಮನೆಗೆ ಅಳಿಯನಾಗಿ ಬಂದೇ ಐದು ವರ್ಷ. ಡಾಕ್ಟರು "ರಕ್ತದೊತ್ತಡ, 8 ವರ್ಷ" ಎಂದು ಗೀಚಿದ್ದಾರೆ. ಪಾಲಿಸಿಗೆ ಆರು ವರ್ಷವಾಗಿತ್ತು. ಆ ಒಂದು ಸಾಲಿನ ಮೇಲೆ ಕ್ಲೇಮು ಹೋಯಿತು. ಆಮೇಲೆ ಮನೆಯವರು ಹಳೆಯ ಚೀಟಿಗಳನ್ನೆಲ್ಲ ಹುಡುಕಿ ತಂದರು. ಮೊದಲ ಬಾರಿ ಬಿಪಿ ಮಾತ್ರೆ ಬರೆದುಕೊಟ್ಟ ಚೀಟಿಗೆ ನಾಲ್ಕೇ ವರ್ಷವಾಗಿತ್ತು. ಗ್ರಾಹಕರ ವೇದಿಕೆಯಲ್ಲಿ ಗೆಲ್ಲಲು ಅವರಿಗೆ ಮೂರು ವರ್ಷ ಹಿಡಿಯಿತು. ಆ ತಿರಸ್ಕಾರದ ಪತ್ರದ ಕರಡು ಬರೆದವನು ನಾನೇ. ಇವತ್ತು ಅರ್ಜಿ ಬರೆದುಕೊಡುವಾಗಲೂ ಆ ನೆನಪು ಜೊತೆಗಿರುತ್ತದೆ.

ನ್ಯಾಯಾಲಯಗಳು ಎರಡು ದಿಕ್ಕಿಗೆ ನಡೆದವು. ವಿಮಾ ಕಂಪನಿ ಮನಸ್ಸಿಗೆ ಬಂದಂತೆ ನವೀಕರಣ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಬಿಮನ್ ಕೃಷ್ಣ ಬೋಸ್ ಪ್ರಕರಣದಲ್ಲಿ ಹೇಳಿತು. 2009ರ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ಮಧುಮೇಹ ಮತ್ತು ಮೂತ್ರಪಿಂಡದ ಕಾಯಿಲೆಯನ್ನು ಮುಚ್ಚಿಟ್ಟದ್ದಕ್ಕೆ ಕ್ಲೇಮು ತಿರಸ್ಕರಿಸಿದ್ದನ್ನು ಎತ್ತಿಹಿಡಿಯಿತು. 2021ರ ಮನಮೋಹನ್ ನಂದಾ ಪ್ರಕರಣದಲ್ಲಿ, ಹೇಳಿದ ಕಾಯಿಲೆಯನ್ನು ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆಯನ್ನು ಮುಂದಿಟ್ಟು ಹಣ ತಡೆಯುವಂತಿಲ್ಲ ಎಂದಿತು. ಮೂರನ್ನೂ ಒಟ್ಟಿಗೆ ಓದಿದರೆ ವಾದದ ಕೇಂದ್ರ ಎಲ್ಲಿಗೆ ಸರಿಯಿತೆಂದು ಕಾಣುತ್ತದೆ. ಕಾಯಿಲೆ ಇತ್ತೇ ಎಂಬ ಪ್ರಶ್ನೆ ಹಿಂದಾಯಿತು. ನಿನಗೆ ಗೊತ್ತಿತ್ತೇ, ಗೊತ್ತಿದ್ದದ್ದನ್ನು ಹೇಳಿದೆಯಾ ಎಂಬುದು ಮುಂದಾಯಿತು.

ವಿಮಾ ನಿಯಂತ್ರಣ ಪ್ರಾಧಿಕಾರವೂ ಅದೇ ದಾರಿ ಹಿಡಿಯಿತು. ಖಾಸಗಿ ಕಂಪನಿಗಳು ಬಂದವು, ಕಂಪನಿಗಳ ಪರವಾಗಿ ಕ್ಲೇಮು ನೋಡಿಕೊಳ್ಳುವ ಟಿಪಿಎಗಳು ಬಂದವು, 2006ರಲ್ಲಿ ಆರೋಗ್ಯ ವಿಮೆಗೇ ಮೀಸಲಾದ ಮೊದಲ ಕಂಪನಿ ಬಂತು. ಇಂಗ್ಲಿಷ್ ಪತ್ರಿಕೆಗಳು ಆರೋಗ್ಯ ವಿಮೆಯ ಚರಿತ್ರೆಯನ್ನು ಇಲ್ಲಿಂದಲೇ ಶುರು ಮಾಡುತ್ತವೆ. ನನಗದು ಒಪ್ಪಿಗೆಯಿಲ್ಲ. ಕ್ಯಾಶ್‌ಲೆಸ್ ಸೌಲಭ್ಯ ದೊಡ್ಡದು, ನಿಜ. ಆದರೆ ಎದುರಿಗೆ ಕೂತು ಫೈಲು ತೆರೆದು ಮಾತಾಡುತ್ತಿದ್ದ ಗುಮಾಸ್ತ ಆಗಲೇ ಮಾಯವಾದ. ನನ್ನ ಲೆಕ್ಕದಲ್ಲಿ ನಿಜವಾದ ತಿರುವು 2008ರದ್ದು. ಆ ವರ್ಷ ಕಂಪನಿಗಳೆಲ್ಲ ಮೊದಲೇ ಇದ್ದ ಕಾಯಿಲೆಗೆ ಒಂದೇ ವ್ಯಾಖ್ಯೆ ಒಪ್ಪಿಕೊಂಡವು. ನಾಲ್ಕು ವರ್ಷ ಕಳೆದರೆ ಅದಕ್ಕೂ ರಕ್ಷಣೆ ಎಂದಾಯಿತು. 2011ರ ಅಕ್ಟೋಬರಿನಿಂದ, ಕಾದ ವರ್ಷಗಳನ್ನು ಕಳೆದುಕೊಳ್ಳದೆ ಬೇರೆ ಕಂಪನಿಗೆ ಹೋಗುವ ಹಕ್ಕು ಬಂತು. 2013ರ ನಿಯಮಗಳು ಜೀವನಪೂರ್ತಿ ನವೀಕರಣ ಕೊಟ್ಟವು. 2019ರ ಮಾರ್ಗಸೂಚಿ ಹೊರಗಿಡುವ ಷರತ್ತುಗಳಿಗೆಲ್ಲ ಒಂದೇ ಭಾಷೆ, ಒಂದೇ ಸಂಖ್ಯೆ ಕೊಟ್ಟಿತು, ಎಂಟು ವರ್ಷ ಕಂತು ಕಟ್ಟಿದ ಮೇಲೆ ವಂಚನೆಯ ಹೊರತು ಹಳೆಯದನ್ನು ಕೆದಕಬಾರದು ಎಂದಿತು. ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ನೋಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿತು. 2024ರಲ್ಲಿ ನಾಲ್ಕು ವರ್ಷ ಹೆಚ್ಚೆಂದರೆ ಮೂರಾಯಿತು, ಎಂಟು ಐದಾಯಿತು.

ನಿವೃತ್ತರ ಸಭೆಯ ಆ ಹಿರಿಯರು ಹೇಳಿದ ಮೂರು ಮತ್ತು ಐದು ಇವೇ. ಮೂರು ವರ್ಷದ ಕಾಯುವಿಕೆ ಹೇಳಿಕೊಂಡ ಕಾಯಿಲೆಗೆ ಮಾತ್ರ. ಹೇಳದೆ ಬಿಟ್ಟದ್ದು ನಾಲ್ಕನೇ ವರ್ಷದಲ್ಲಿ ಸಿಕ್ಕಿಬಿದ್ದರೆ ಪಾಲಿಸಿಯೇ ಹೋಗಬಹುದು. ಐದು ವರ್ಷದ ನಂತರವೂ ವಂಚನೆಗೆ ರಕ್ಷಣೆಯಿಲ್ಲ, ಪಾಲಿಸಿಯಲ್ಲಿ ಶಾಶ್ವತವಾಗಿ ಹೊರಗಿಟ್ಟದ್ದು ಹೊರಗೇ, ಉಪಮಿತಿಗಳೂ ಹಾಗೇ ಇರುತ್ತವೆ. 3 ಲಕ್ಷದ ಪಾಲಿಸಿಯಲ್ಲಿ ಕೋಣೆ ಬಾಡಿಗೆ ದಿನಕ್ಕೆ ಶೇ 1, ಅಂದರೆ 3,000 ಎಂದಿದ್ದು, ನೀವು 6,000ದ ಕೋಣೆ ಹಿಡಿದರೆ ಬಾಡಿಗೆಯಷ್ಟೇ ಅಲ್ಲ, ವೈದ್ಯರ ಶುಲ್ಕ, ಆಪರೇಷನ್ ಥಿಯೇಟರಿನ ಶುಲ್ಕವೂ ಅರ್ಧವಾಗಬಹುದು. ಔಷಧಿ, ಸ್ಟೆಂಟ್‌ನಂಥ ಇಂಪ್ಲಾಂಟ್, ಪರೀಕ್ಷೆಗಳ ಬಿಲ್ಲನ್ನು ಹೀಗೆ ಕತ್ತರಿಸುವಂತಿಲ್ಲ ಎಂಬ ನಿಯಮವಿದೆ. ಅದನ್ನು ಕೇಳಿ ಪಡೆಯುವವರು ಕಡಿಮೆ.

ಇನ್ನೊಂದು ಮಾತನ್ನು ಯಾರೂ ಹೇಳುವುದೇ ಇಲ್ಲ. ಒಬ್ಬ ಮೇಷ್ಟ್ರು ಹನ್ನೆರಡು ವರ್ಷದಿಂದ 2 ಲಕ್ಷದ ಪಾಲಿಸಿ ಕಟ್ಟಿಕೊಂಡು ಬಂದಿದ್ದರು. ಎರಡು ವರ್ಷದ ಹಿಂದೆ ಅದನ್ನು 10 ಲಕ್ಷಕ್ಕೆ ಏರಿಸಿದರು. ಈಗ ಬೈಪಾಸ್ ಆಯಿತು, ಕೈಗೆ ಬಂದದ್ದು 2 ಲಕ್ಷ. ಏರಿಸಿದ 8 ಲಕ್ಷಕ್ಕೆ ಮೊದಲೇ ಇದ್ದ ಕಾಯಿಲೆಯ ಕಾಯುವ ಕಾಲವೂ ಐದು ವರ್ಷದ ಎಣಿಕೆಯೂ ಏರಿಸಿದ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಮೇಷ್ಟ್ರಿಗೆ ಇದನ್ನು ಏರಿಸಿದ ದಿನ ಯಾರೂ ಹೇಳಿರಲಿಲ್ಲ.

ಈ ಇಡೀ ಚರಿತ್ರೆಗೆ ನಮ್ಮ ನಾಡಿನಲ್ಲಿ ಬೇರೊಂದು ಉತ್ತರ ಹುಟ್ಟಿತ್ತು. ಅದರ ಬಗ್ಗೆ ಬರೆಯುವವರು ಕಡಿಮೆ. ಟಿ. ನರಸೀಪುರ ತಾಲ್ಲೂಕಿನಲ್ಲಿ ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ ನಡೆಸಿದ ಸಣ್ಣ ವಿಮೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದ ಕೂಲಿಕಾರನಿಗೆ ಹೋದ ಕೂಲಿಯನ್ನು ಕಟ್ಟಿಕೊಡುತ್ತಿದ್ದರು. ಬಡವನಿಗೆ ಆಸ್ಪತ್ರೆಯ ಬಿಲ್ಲಿಗಿಂತ ತಪ್ಪಿದ ಕೂಲಿ ದೊಡ್ಡದು ಎಂದು ಅರಿತ ಯೋಜನೆ ಅದು. 2003ರಲ್ಲಿ ಯಶಸ್ವಿನಿ ಬಂತು. ಡಾ. ದೇವಿ ಶೆಟ್ಟಿಯವರ ಯೋಚನೆ, ಸಹಕಾರ ಇಲಾಖೆಯ ಬಲ. ಸಹಕಾರ ಸಂಘದ ಸದಸ್ಯನಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹಾಲಿನ ಡೇರಿಯ ಕಾರ್ಯದರ್ಶಿಯೇ ಹಣ ಕಟ್ಟಿಸಿಕೊಂಡು ರಸೀದಿ ಕೊಡುತ್ತಿದ್ದುದನ್ನು ಮಂಡ್ಯದ ಕಡೆ ಹಳ್ಳಿಯಲ್ಲಿ ನಿಂತು ನೋಡಿದ್ದೇನೆ. ಅಲ್ಲಿ ಫೋರ್ ಪಾಯಿಂಟ್ ಒನ್ ಇರಲಿಲ್ಲ. ಹೃದಯದ ಕವಾಟ ಹಾಳಾಗಿ ವರ್ಷಗಟ್ಟಲೆ ನರಳಿದ ಹುಡುಗಿಯೂ ಶಸ್ತ್ರಚಿಕಿತ್ಸೆಗೆ ಅರ್ಹಳೇ.

ಊರಿಗೆ ಊರೇ ಸೇರಿದಾಗ ಕಾಯಿಲೆಯವನೂ ಗಟ್ಟಿಮುಟ್ಟಾದವನೂ ಒಟ್ಟಿಗೆ ಬರುತ್ತಾರೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಭಯ ಅಲ್ಲಿಲ್ಲ. ಇಎಸ್‌ಐ ಹಿಡಿದಿದ್ದ ಸೂತ್ರವೂ ಇದೇ. ಯಶಸ್ವಿನಿಗೂ ಕೊರತೆಯಿತ್ತು. ಅದು ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ಯೋಜನೆ, ಜ್ವರ ಬಂದು ಮಲಗಿದವನಿಗೆ ಸಿಗುತ್ತಿರಲಿಲ್ಲ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕರಗಿಸಿದ್ದು ತಪ್ಪು ಎಂದು ನಾನು ಆಗಲೂ ಹೇಳಿದ್ದೆ. ಸರ್ಕಾರ ಅದನ್ನು ಮತ್ತೆ ಎಬ್ಬಿಸಬೇಕಾಯಿತು. 2010ರಲ್ಲಿ ಕಲಬುರಗಿ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀಯ ಬಗ್ಗೆ, ಯೋಜನೆ ಇದ್ದ ಹಳ್ಳಿಗಳಲ್ಲಿ ಅದರ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು ಗಣನೀಯವಾಗಿ ಕಡಿಮೆಯಿತ್ತೆಂಬ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ನಂತರದ ಆಯುಷ್ಮಾನ್ ಭಾರತವೂ ಮೊದಲೇ ಇದ್ದ ಕಾಯಿಲೆಯನ್ನು ಮೊದಲ ದಿನದಿಂದಲೇ ಒಳಗೊಂಡಿದೆ.

ಹೀಗಾಗಿ ಇವತ್ತು ತಾರೀಖಿನ ಜಗಳ ಉಳಿದಿರುವುದು ತಾನೇ ಕಂತು ಕಟ್ಟುವ ಮಧ್ಯಮ ವರ್ಗದವನಿಗೆ. ಅವನ ಪಾಲಿಗೆ ಎಲ್ಲವೂ ನಿಂತಿರುವುದು ಪ್ರೊಪೋಸಲ್ ಫಾರಂ ಎಂಬ ಕಾಗದದ ಮೇಲೆ. ನಲವತ್ತು ವರ್ಷದಲ್ಲಿ ಕಾಯುವ ಕಾಲ ಇಳಿಯಿತು, ವ್ಯಾಖ್ಯೆ ತಿದ್ದುಪಡಿಯಾಯಿತು, ಆ ಫಾರಂ ತುಂಬುವ ರೀತಿ ಮಾತ್ರ ಬದಲಾಗಲಿಲ್ಲ. ಫಾರಂ ಇಂಗ್ಲಿಷಿನಲ್ಲಿರುತ್ತದೆ. ಏಜೆಂಟು "ಇಲ್ಲಿ ಸೈನ್ ಮಾಡಿ ಸಾರ್, ಉಳಿದದ್ದು ನಾನು ನೋಡ್ಕೋತೀನಿ" ಎನ್ನುತ್ತಾನೆ. ಕಾಯಿಲೆಯ ಪ್ರಶ್ನೆಗಳಿಗೆಲ್ಲ ಸಾಲಾಗಿ ಇಲ್ಲ, ಇಲ್ಲ, ಇಲ್ಲ ಎಂದು ಬೀಳುತ್ತದೆ. ಈಗ ಮೊಬೈಲಿನಲ್ಲಿ ಆ ಇಲ್ಲಗಳನ್ನು ಒತ್ತಲು ಒಂದು ನಿಮಿಷವೂ ಬೇಡ. ಗೊತ್ತಿತ್ತೇ, ಹೇಳಿದೆಯಾ ಎಂದು ನ್ಯಾಯಾಲಯ ಕೇಳುವ ಹೊತ್ತಿಗೆ ಸಹಿ ಇರುವುದು ರೋಗಿಯದು.

ಬೇರೆಯವರು ತುಂಬಿದ ಫಾರಂ ಆದರೆ ಅದನ್ನು ವಿವರಿಸಿ ಹೇಳಿದ್ದಕ್ಕೆ ಪ್ರಮಾಣ ಬರೆಸಿಕೊಳ್ಳುವ ಏರ್ಪಾಡು ಪಾಲಿಸಿದಾರರ ಹಿತರಕ್ಷಣೆಯ 2002ರ ನಿಯಮಗಳಲ್ಲೇ ಇತ್ತು. ನನ್ನ ಸೇವೆಯಲ್ಲಿ ಆ ಪ್ರಮಾಣವನ್ನು ಯಾರಾದರೂ ಓದಿ ಸಹಿ ಹಾಕಿದ್ದನ್ನು ನಾನು ಕಂಡಿಲ್ಲ. 2024ರ ಜನವರಿಯಿಂದ ಪ್ರತಿ ಪಾಲಿಸಿಯ ಜೊತೆ ಮಾಹಿತಿ ಪತ್ರವೊಂದನ್ನು ಕೊಡಬೇಕು, ಪಾಲಿಸಿದಾರ ಬಯಸಿದರೆ ಅವನ ಭಾಷೆಯಲ್ಲೇ ಕೊಡಬೇಕು. ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಇಲ್ಲ, ಎಷ್ಟು ಕಾಯಬೇಕು ಎಲ್ಲ ಅದರಲ್ಲಿರುತ್ತದೆ. ಕನ್ನಡದಲ್ಲಿ ಬೇಕೆಂದು ನಾವು ಕೇಳಬೇಕು.

ಮೊನ್ನೆ ನಮ್ಮ ಬೀದಿಯ ಹೊಲಿಗೆ ಅಂಗಡಿಯ ಅಕ್ಕ ಫಾರಂ ಹಿಡಿದು ಬಂದಿದ್ದರು. ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಶುಗರ್ ಇಲ್ಲ, ಬಿಪಿ ಇಲ್ಲ. ಕಳೆದ ಮೂರು ವರ್ಷದಲ್ಲಿ ಯಾವುದಾದರೂ ಮಾತ್ರೆ ನುಂಗಿದ್ದೀರಾ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಥೈರಾಯಿಡ್ ಮಾತ್ರೆ ತಗೋತೀನಿ. ಅದೂ ಕಾಯಿಲೇನಾ ಅಣ್ಣಾ?" ಎಂದರು. ಹೌದು ಎಂದೆ. ಮಾತ್ರೆಯ ಹೆಸರು, ಶುರುವಾದ ತಿಂಗಳು, ಡಾಕ್ಟರ ಚೀಟಿಯ ತಾರೀಖು ಮೂರನ್ನೂ ಬರೆದೆವು. ಅವರು ಓದಿಸಿಕೊಂಡು ಸಹಿ ಹಾಕಿದರು. ಪಕ್ಕದ ಅಂಗಡಿಯಲ್ಲಿ ಫಾರಮ್ಮಿನ ಜೆರಾಕ್ಸ್ ಮಾಡಿಸಿ, ಚೀಟಿಯ ಜೊತೆ ಪಿನ್ನು ಹಾಕಿ ಅವರ ಕೈಗೆ ಕೊಟ್ಟೆ.